ಟ್ರಿಗರಿನ ಬುಡದ ಕುಂಕುಮ

“ವಾಪಸ್ ಬಂತಾ ಅದು?”

ಚನ್ನಬಸಮ್ಮ ಕೇಳಿದ್ದು ನಮ್ಮ ಮುಖ ನೋಡಿ ಅಲ್ಲ. ಸಬ್ ಇನ್‌ಸ್ಪೆಕ್ಟರ್ ಮೊಣ್ಣಪ್ಪನವರ ತೋಳಿನಲ್ಲಿದ್ದ ಅರಗಿನ ಮುದ್ರೆಯ ಬಿಳಿ ಗಂಟನ್ನು ನೋಡಿ. ತಡವಾಗಿ ಕೊಟ್ಟಿಗೆಗೆ ಬಂದ ಹಸುವನ್ನು ವಿಚಾರಿಸುವ ದನಿ ಅದು. ಗಂಟಿನೊಳಗೆ ಇದ್ದದ್ದು ಅವರ ಗಂಡನ ಜೀವ ತೆಗೆದ ಏರ್ ಗನ್.

ವಿಜಯದಶಮಿಯ ಬೆಳಿಗ್ಗೆ ಆ ಹಳೇ ಏರ್ ಗನ್ ಕೊಳ್ಳಲು ಬಂದ ಲೋಹಿತ್ ಈ ಮನೆಯ ಮುಂದಿನ ಹಾಲಿನಲ್ಲಿ ಅದರ ಟ್ರಿಗರ್ ಒತ್ತಿದ, ಬಾಗಿಲಲ್ಲಿ ನಿಂತಿದ್ದ ಮನೆಯ ಯಜಮಾನ ಪರಮೇಶಪ್ಪ ಕಣ್ಣಿಗೆ ಗುಂಡು ಬಿದ್ದು ಸತ್ತರು. ಬೇಕೆಂದೇ ಹೊಡೆದ ಎನ್ನುತ್ತದೆ ಪೊಲೀಸರ ಕೇಸು. ಟ್ರಿಗರ್ ಹೇಗಿದೆ ಅಂತ ನೋಡಿದೆ ಅಷ್ಟೆ, ಒಳಗೆ ಗುಂಡಿದ್ದದ್ದು ಗೊತ್ತೇ ಇಲ್ಲ ಎನ್ನುತ್ತಾನೆ ಲೋಹಿತ್. ನಾಳೆ ಮಡಿಕೇರಿಯಲ್ಲಿ ಅವನ ಜಾಮೀನಿನ ವಿಚಾರಣೆ.

ಲೋಹಿತ್ ನನ್ನ ತಮ್ಮನ ಮಗಳು ಸೌಮ್ಯಳ ಗಂಡ. ಕುಶಾಲನಗರದಲ್ಲಿ ಹೊಲಿಗೆ ಮಿಷನ್ನು, ಕಳೆ ಕೊಚ್ಚುವ ಮಿಷನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ದಾರಕ್ಕೆ ಕಟ್ಟಿದ ಮೊಟ್ಟೆಗೆ ಏರ್ ಗನ್ನಿನಲ್ಲಿ ಗುರಿ ಹೊಡೆಯುವ ಸ್ಪರ್ಧೆ ಎಲ್ಲಿ ನಡೆದರೂ ಅಲ್ಲಿ ಹಾಜರು. ಹೋದ ಕೈಲ್ ಮುಹೂರ್ತ ಹಬ್ಬದ ಸ್ಪರ್ಧೆಯಲ್ಲಿ ತೀರ್ಪುಗಾರರಾಗಿದ್ದ ಪರಮೇಶಪ್ಪ ಇವನನ್ನು ಆಟದಿಂದ ಹೊರಗೆ ಹಾಕಿದಾಗ, “ನಿಮ್ಮನ್ನ ನೋಡ್ಕೋತೀನಿ” ಅಂತ ಮೈಕಿನ ಪಕ್ಕದಲ್ಲೇ ನಿಂತು ಕೂಗಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು.

ನಾನು ಮುತ್ತಮ್ಮ. ಪೊಲೀಸ್ ಇಲಾಖೆಯ ಆಯುಧ ಕೊಠಡಿಯಲ್ಲಿ ಕೋವಿಗಳನ್ನು ಬಿಚ್ಚಿ ಜೋಡಿಸುತ್ತಲೇ ತಲೆ ಬೆಳ್ಳಗಾಯಿತು. ನಿವೃತ್ತಿಯಾದ ಮೇಲೆ ಹೀಗೆ ಊರವರ ತಲೆನೋವು ಹೊತ್ತು ತಿರುಗುವುದು ಅಭ್ಯಾಸವಾಗಿದೆ. ಘಟನೆ ನಡೆದ ಜಾಗದಲ್ಲೇ, ಪೊಲೀಸರ ಎದುರಿಗೇ ಆ ಏರ್ ಗನ್ನನ್ನು ನಾನು ಪರೀಕ್ಷೆ ಮಾಡಬಹುದು ಎಂದು ನಮ್ಮ ವಕೀಲರು ಕೋರ್ಟಿನಿಂದ ಅಪ್ಪಣೆ ತಂದಿದ್ದರು.

ಹೊತ್ತು ಮಧ್ಯಾಹ್ನ. ಆದರೂ ಶನಿವಾರಸಂತೆ ದಾಟಿದ ಮೇಲೆ ಮಂಜು ಬಿಟ್ಟಿರಲಿಲ್ಲ. ಆಮ್ನಿ ವ್ಯಾನು ಓಡಿಸಿಕೊಂಡು ಬಂದವರು ನಮ್ಮ ಯಜಮಾನರು ಸಣ್ಣಸ್ವಾಮಿ. ಸರ್ಕಾರಿ ಬಸ್ಸನ್ನು ಮಾಕುಟ್ಟ ಘಾಟಿಯ ತಿರುವುಗಳಲ್ಲಿ ಕಣ್ಣು ಮುಚ್ಚಿ ಓಡಿಸಿದ ಗಂಡಸು, ಈ ಮನೆಯ ಅಂಗಳ ನೋಡಿದ್ದೇ ಸ್ಟೀರಿಂಗ್ ಬಿಡಲು ಒಲ್ಲೆ ಎಂದರು. ತೋಟದಲ್ಲಿ ಹಣ್ಣಾದ ಕಾಫಿ ಕೆಂಪಗೆ ನೆಲಕ್ಕೆ ಉದುರುತ್ತಿತ್ತು. ಪಿಕ್ಕಿಂಗಿನ ಕಾಲ. ಒಂದು ಆಳಿಲ್ಲ, ಒಂದು ಮಾತಿಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನಿನ ಸದ್ದಿಲ್ಲ.

ಸೌಮ್ಯಳನ್ನು ಒಳಗೆ ಬಿಡಲಿಲ್ಲ. ಕೊಂದವನ ಹೆಂಡತಿ ಹೊಸಿಲು ದಾಟುವುದು ಬೇಡ ಎಂದವನು ಸತ್ತವರ ತಮ್ಮ ರೇಣುಕಪ್ರಸಾದ್. ಅವಳು ಹೋಗಿ ಆಮ್ನಿಯಲ್ಲಿ ಕೂತಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಬಂದ ಕೆಲಸ ಕೆಡಬಾರದು ಎಂದು ನುಂಗಿಕೊಂಡೆ.

ಹಾಲಿನೊಳಗೆ ಕಾಲಿಟ್ಟವಳು ಅಲ್ಲೇ ನಿಂತೆ.

ಆಯುಧಪೂಜೆಯನ್ನು ಇನ್ನೂ ಇಳಿಸಿರಲಿಲ್ಲ. ಗೋಡೆಯುದ್ದಕ್ಕೂ ಹಲಗೆ ಹಾಕಿ, ಅದರ ಮೇಲೆ ಕತ್ತಿ, ಗರಗಸ, ಗಿಡ ಸವರುವ ಕಪಾತಿನ ಕತ್ತರಿ, ತಕ್ಕಡಿ, ಪಲ್ಪರಿನ ಬೆಲ್ಟು, ಅಡುಗೆಮನೆಯ ಈಳಿಗೆಮಣೆ, ಹೊಲಿಗೆಯ ಕತ್ತರಿ, ಗಡ್ಡ ಬೋಳಿಸುವ ರೇಜರು ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಪ್ರತಿಯೊಂದರ ಮೇಲೂ ವಿಭೂತಿಯ ಮೂರು ಗೆರೆ, ಕುಂಕುಮದ ಬೊಟ್ಟು. ಚೆಂಡುಹೂವು ಒಣಗಿ ಕಪ್ಪಾಗಿತ್ತು. ದಸರಾ ಕಳೆದು, ದೀಪಾವಳಿಯೂ ಕಳೆದಿತ್ತು.

ಪೂಜೆ ಮಾಡಿದ ಆಯುಧವನ್ನು ಮನೆಯ ಹಿರಿಯ ಎತ್ತಿ ಕೊಡುವ ತನಕ ಬೇರೆ ಯಾರೂ ಬಳಸುವುದಿಲ್ಲ. ಎತ್ತಿ ಕೊಡಬೇಕಾದವರು ಆ ಬೆಳಿಗ್ಗೆಯೇ ಸತ್ತರು. “ನಮ್ಮೋರಲ್ಲಿ ಸೂತಕ ಅಂತಿಲ್ಲ. ಪೂಜೆ ತೆಗೆಯಕ್ಕೆ ಕಾರಣ ಏನಿದೆ?” ಎಂದು ಚನ್ನಬಸಮ್ಮ ಕೇಳಿದರು. ಅಂದಿನಿಂದ ಆ ಮನೆಯಲ್ಲಿ ಯಾರೂ ಏನನ್ನೂ ಕತ್ತರಿಸಿಲ್ಲ. ಹುರುಳಿಕಾಯಿ, ಸೊಪ್ಪು ಎಲ್ಲ ಕೈಯಲ್ಲೇ ಮುರಿಯುತ್ತಾರೆ. ಕುಂಬಳಕಾಯಿಯನ್ನು ಕಲ್ಲಿಗೆ ಹೊಡೆದು ಒಡೆಯುತ್ತಾರೆ. ಹರಿದ ಸೆರಗಿನ ದಾರ ಕಡಿಯಲು ಹಲ್ಲು. ರೇಣುಕಪ್ರಸಾದನ ಗಡ್ಡ ಎದೆಯ ಕಡೆ ಇಳಿದಿತ್ತು. ಅಂಗಡಿಯಿಂದ ಹೊಸ ರೇಜರು ತಂದರೂ ಅತ್ತಿಗೆ ಕಸಿದು ಎಸೆದರಂತೆ.

ಹಲಗೆಯ ನಡುವೆ ಒಂದು ಜಾಗ ಖಾಲಿ ಇತ್ತು. ಬೇರೆಲ್ಲ ಕಡೆ ಧೂಳು, ಆ ಉದ್ದನೆಯ ಜಾಗ ಮಾತ್ರ ಒರೆಸಿದ ಹಾಗೆ ಚೊಕ್ಕ. ದಿನಾ ಒರೆಸುತ್ತಾರೆ ಎಂದು ಗೊತ್ತಾಯಿತು.

ಮೊಣ್ಣಪ್ಪ ಅರಗಿನ ಮುದ್ರೆ ಒಡೆದು, ಬಟ್ಟೆ ಬಿಚ್ಚಿ, ಏರ್ ಗನ್ನನ್ನು ಆ ಜಾಗದಲ್ಲಿಟ್ಟರು. ನಳಿಗೆಯ ಬಾಯಿ ಗೋಡೆಯ ಕಡೆ ಇತ್ತು.

“ಹಂಗಲ್ಲ. ಅದು ಬಾಗಿಲ ಕಡೆ ನೋಡ್ತಿತ್ತು,” ಎಂದರು ಚನ್ನಬಸಮ್ಮ.

ಮೊಣ್ಣಪ್ಪ ನನ್ನ ಮುಖ ನೋಡಿದರು. ತಿರುಗಿಸಿ ಇಟ್ಟರು. ಈಗ ನಳಿಗೆ ನೆಟ್ಟಗೆ ಬಾಗಿಲಿಗೆ, ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರಿಗೆ ತಿರುಗಿತ್ತು. ಅವರು “ಶಿವಾ” ಎಂದು ಪಕ್ಕಕ್ಕೆ ಸರಿದು ಗೋಡೆಗೆ ಅಂಟಿಕೊಂಡರು. ಖಾಲಿ ಕೋವಿ ಕಣ್ರೀ, ನಿಮ್ಮ ಹೊಟ್ಟೆಗಿಂತ ಖಾಲಿ, ಎಂದು ಗದರಿದೆ. ಕೋವಿ ಖಾಲಿ ಅಂತಾನೇ ತಾನೆ ಆ ಹುಡುಗನೂ ಅಂದ್ಕೊಂಡಿದ್ದು ಎಂದು ಅವರು ಗೊಣಗಿದರು. ಮಾತಿಗೆ ಮಾತು ಕೊಡುವುದರಲ್ಲಿ ಅವರು ಎಂದೂ ಸೋತವರಲ್ಲ.

ನಾನು ಮೊಣ್ಣಪ್ಪನವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿದೆ. ನಾನು ಕೋವಿ ಮುಟ್ಟಿದ ಕ್ಷಣದಿಂದ ಬಿಡುವ ತನಕ ಅವರ ಫೋನಿನಲ್ಲಿ ವಿಡಿಯೋ ಆಗಬೇಕು. ನಡುವೆ ನಿಲ್ಲಿಸುವಂತಿಲ್ಲ. ಆಡಿದ ಮಾತೆಲ್ಲ ಅದರಲ್ಲಿರಬೇಕು. ನಾಳೆ ಕೋರ್ಟಿನಲ್ಲಿ ಹಾಗಲ್ಲ, ಹೀಗೆ ಎಂದು ಯಾರೂ ಜಾರಿಕೊಳ್ಳಬಾರದು.

“ನಿಲ್ಲಿಸುವುದಿಲ್ಲ ಮೇಡಂ. ನೀವು ಸಾಕು ಅನ್ನುವವರೆಗೆ ಓಡ್ತಾ ಉಂಟು,” ಎಂದರು ಮೊಣ್ಣಪ್ಪ. ಒಳ್ಳೆಯ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು.

ಹಳೇ ಏರ್ ಗನ್ ಕೊಳ್ಳುವವನು ಹೇಗೆ ನೋಡುತ್ತಾನೋ ಹಾಗೇ ನೋಡುತ್ತೇನೆ ಎಂದು ಶುರು ಮಾಡಿದೆ. ಮರದ ಮೇಲಿನ ಪಾಲಿಶ್‌ಗೆ, ನಳಿಗೆಯ ಹೊಳಪಿಗೆ ಮರುಳಾಗುವವನು ದಡ್ಡ. ಅದರ ಯೋಗ್ಯತೆ ಇರುವುದು ಟ್ರಿಗರಿನಲ್ಲಿ. ಆದರೆ ಟ್ರಿಗರಿಗೆ ಬೆರಳಿಡುವ ಮೊದಲು ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ, ಒಳಗೆ ಗುಂಡಿದೆಯೋ ಇಲ್ಲವೋ ನೋಡಬೇಕು. ಲೋಹಿತ್ ಅದೊಂದನ್ನು ಮಾಡಲಿಲ್ಲ.

ಯಾಕೆ ಮಾಡಲಿಲ್ಲ ಎಂದು ಜೈಲಿನ ಕಂಬಿಯ ಆಚೆಯಿಂದ ಅವನು ಹೇಳಿದ್ದ. ನಳಿಗೆ ಬಗ್ಗುವ ಕೀಲಿನ ಮೇಲೇ ಅರಿಶಿನದ ದಾರ ಸುತ್ತಿ, ಮಾವಿನೆಲೆ ಸಿಕ್ಕಿಸಿ ಗಂಟು ಹಾಕಿದ್ದರು. ಬಗ್ಗಿಸಿದರೆ ಪೂಜೆಯ ದಾರ ಹರಿಯುತ್ತದೆ. ಪರಮೇಶಪ್ಪ ಬಾಗಿಲ ಹೊರಗೆ ಜೀಪಿಗೆ ಆರತಿ ಮಾಡುತ್ತ, “ಅಲ್ಲೇ ಇದೆ, ಎತ್ಕೊಂಡು ನೋಡು” ಎಂದರು. ದಾರ ಬಿಚ್ಚಬೇಕಾದವರು ಅವರೇ, ಬಂದು ಬಿಚ್ಚಲಿ, ಅಷ್ಟರಲ್ಲಿ ಟ್ರಿಗರ್ ಒಂಚೂರು ನೋಡೋಣ ಅಂದುಕೊಂಡ. ಬೇರೆ ಸೀಮೆಯವನಾಗಿದ್ದರೆ ದಾರ ಕಿತ್ತು ಬಿಸಾಕಿ ಬಗ್ಗಿಸಿ ನೋಡುತ್ತಿದ್ದನೇನೋ. ಇವನು ಪೂಜೆಗೆ ಮರ್ಯಾದೆ ಕೊಟ್ಟು ಜೈಲು ಸೇರಿದ.

ಆ ದಾರ ಈಗ ಇಲ್ಲ. ಜಪ್ತಿಗೆ ಬಂದ ಕಾನ್‌ಸ್ಟೇಬಲ್ ಹೂವಿನ ಜೊತೆ ಅದನ್ನೂ ಕಿತ್ತು ಹಾಕಿದ್ದ. ಮನೆಯಲ್ಲಿ ಪೂಜೆಗೆ ಇಡುವ ಕೋವಿ ಖಾಲಿಯೇ ಇರುತ್ತದೆ, ಹಾಲಿನಲ್ಲಿ ಒಬ್ಬನೇ ಇದ್ದ ಲೋಹಿತನೇ ನಳಿಗೆ ಬಗ್ಗಿಸಿ ಸ್ಪ್ರಿಂಗ್ ಏರಿಸಿ ಗುಂಡು ಹಾಕಿದ ಎಂದು ರೇಣುಕಪ್ರಸಾದ್ ಹೇಳಿಕೆ ಕೊಟ್ಟಿದ್ದ. ಅದು ಸುಳ್ಳು ಎಂದು ತೋರಿಸಲು ನಮ್ಮ ಹತ್ತಿರ ಉಳಿದದ್ದು ಈ ಕಬ್ಬಿಣ ಮಾತ್ರ.

ನಳಿಗೆ ಬಗ್ಗಿಸಿದೆ. ಗಟ್ಟಿ ಸ್ಪ್ರಿಂಗು, ಹೊಟ್ಟೆಗೆ ಒತ್ತಿಕೊಂಡೇ ಏರಿಸಬೇಕಾಯಿತು. ಟಕ್ ಎಂದು ಒಳಗೆ ಕೊಕ್ಕೆ ಕೂತಿತು. ಗುಂಡು ಹಾಕಲಿಲ್ಲ. ನಳಿಗೆ ನೆಟ್ಟಗೆ ಮಾಡಿ, ಟ್ರಿಗರ್ ಕಾಣುವಂತೆ ಬೆಳಕಿಗೆ ಹಿಡಿದೆ.

ಆಗ ಅದು ಹೊರಗೆ ಬಂತು.

ಈ ಮಾದರಿಯಲ್ಲಿ ಸ್ಪ್ರಿಂಗ್ ಇಳಿದಿದ್ದಾಗ ಟ್ರಿಗರ್ ಸಡಿಲವಾಗಿ ಹಿಂದಕ್ಕೆ ಒರಗಿರುತ್ತದೆ. ಅದರ ಬುಡ ಒಳಗಿನ ಸಂದಿಯಲ್ಲಿ ಅಡಗಿರುತ್ತದೆ. ಏರಿಸಿದಾಗ ಮಾತ್ರ ಟ್ರಿಗರ್ ಮುಂದೆ ಸರಿದು ನಿಲ್ಲುತ್ತದೆ, ಬುಡದ ಹಿಂಭಾಗ ಅಕ್ಕಿಕಾಳಿನಷ್ಟು ಹೊರಗೆ ಕಾಣುತ್ತದೆ. ಇಲ್ಲಿ ಆ ಅಕ್ಕಿಕಾಳಿನಷ್ಟು ಜಾಗ ಕೆಂಪಗಿತ್ತು.

ಕುಂಕುಮ. ಎಣ್ಣೆಯಲ್ಲಿ ಕಲಸಿ ಬೆರಳ ತುದಿಯಿಂದ ಇಟ್ಟ ಕುಂಕುಮ, ಒಣಗಿ ಗೆರೆಯಾಗಿತ್ತು.

ನನಗೆ ನಗುವೇ ಬಂತು. ಖುಷಿಗೆ. ಸ್ಪ್ರಿಂಗ್ ಇಳಿದಿದ್ದರೆ ಯಾವ ಬೆರಳೂ ಆ ಜಾಗಕ್ಕೆ ಹೋಗುವುದಿಲ್ಲ. ಅಂದರೆ ಪೂಜೆಗೆ ಕುಂಕುಮ ಇಡುವಾಗಲೇ ಈ ಕೋವಿ ಏರಿಸಿತ್ತು. ಪೂಜೆ ಆದದ್ದು ಹಿಂದಿನ ದಿನ, ನವಮಿ. ಲೋಹಿತ್ ಬಂದದ್ದು ಮಾರನೆಯ ಬೆಳಿಗ್ಗೆ. ಅವನು ಹಾಲಿನಲ್ಲಿ ನಿಂತು ಏರಿಸಿದ ಎನ್ನುವ ಕಥೆ ಇಲ್ಲಿಗೆ ಮುಗಿಯಿತು. ಇದನ್ನೆಲ್ಲ ಫೋನಿನ ಮುಂದೆ ಬಿಡಿಸಿ ಬಿಡಿಸಿ ಹೇಳಿದೆ. ಕೆಂಪು ಗೆರೆಯನ್ನು ಹತ್ತಿರದಿಂದ ತೋರಿಸಿದೆ. ಮೊಣ್ಣಪ್ಪನವರು ತಲೆದೂಗಿದರು.

ಆಮೇಲೆ ಟ್ರಿಗರಿನ ಗುಣ ನೋಡಿದೆ. ಒಳ್ಳೆಯ ಟ್ರಿಗರ್ ಮೊದಲು ಸಲೀಸಾಗಿ ಸ್ವಲ್ಪ ದೂರ ಬರುತ್ತದೆ, ಆಮೇಲೆ ಗೋಡೆ ತಾಗಿದ ಹಾಗೆ ನಿಲ್ಲುತ್ತದೆ. ಇನ್ನೊಂದಿಷ್ಟು ಒತ್ತಿದರೆ ಎಳೆದಾಡದೆ ಚಕ್ಕನೆ ಬಿಡುತ್ತದೆ. ಕೆಟ್ಟದ್ದಾದರೆ ಮರಳಿನ ಮೇಲೆ ಕಾಲೆಳೆದ ಹಾಗೆ ಕಿರುಗುಡುತ್ತ ಬರುತ್ತದೆ, ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಮೊದಲು ಹಿಡಿಯ ಬುಡಕ್ಕೆ ಅಂಗೈಯಿಂದ ತಟ್ಟಿದೆ. ಸವೆದ ಕೊಕ್ಕೆಯಾದರೆ ತಟ್ಟಿದ ಪೆಟ್ಟಿಗೇ ಜಾರುತ್ತದೆ. ಇದು ಜಾರಲಿಲ್ಲ. ಜೋರಾಗಿ ತಟ್ಟಿದರೂ ಜಪ್ಪಯ್ಯ ಅನ್ನಲಿಲ್ಲ.

ಒಂದು ಗುಂಡು ಹಾಕಿ, ನಳಿಗೆಯ ಬಾಯನ್ನು ಮೂಲೆಯಲ್ಲಿದ್ದ ಕಾಫಿ ಹೊಟ್ಟಿನ ಮೂಟೆಗೆ ಒತ್ತಿ ಹಿಡಿದು ಬೆರಳಿಟ್ಟೆ. ಒತ್ತಲಿಲ್ಲ. ಇಟ್ಟೆ ಅಷ್ಟೆ.

ಕೋವಿ ಹೋಯಿತು.

ಆ ಸದ್ದಿಗೆ ನಮ್ಮ ಯಜಮಾನರು ಮನೆದೇವರ ಹೆಸರು ಹೇಳಿದರು. ಬಾಗಿಲ ತೋರಣದಿಂದ ಒಣಗಿದ ಚೆಂಡುಹೂವೊಂದು ಕಳಚಿ ಹೊಸಿಲ ಮೇಲೆ, ಪರಮೇಶಪ್ಪ ಬಿದ್ದ ಜಾಗದಲ್ಲೇ ಬಿತ್ತು. ಚನ್ನಬಸಮ್ಮ ಹೋಗಿ ಅದನ್ನು ಆಯ್ದು ಕಣ್ಣಿಗೊತ್ತಿಕೊಂಡರು. ಬೆಚ್ಚಿಬೀಳದವರು ಅಲ್ಲಿ ಅವರೊಬ್ಬರೇ.

ಟ್ರಿಗರಿನ ಬುಡಕ್ಕೆ ಅರ ಹಾಕಿದ್ದರು. ಏರಿಸಿದ್ದಾಗ ಕೆಂಪು ಗೆರೆಯ ಅಂಚಿನಲ್ಲಿ ಕಬ್ಬಿಣ ಹೊಸದಾಗಿ ಹೊಳೆದದ್ದು ಅದಕ್ಕೇ. ಮಾಡಿದವನ ಕೈಯನ್ನು ಮೆಚ್ಚಲೇಬೇಕು. ತಟ್ಟಿದರೆ ಹೋಗಬಾರದು, ಮುಟ್ಟಿದರೆ ಹೋಗಬೇಕು, ಅಷ್ಟು ಹದವಾಗಿ ಅರೆದಿದ್ದ. ಇಷ್ಟು ಚೆನ್ನಾಗಿ ಅರ ಹಿಡಿಯೋರು ನಮ್ಮ ಕಡೆ ಯಾರಿದ್ದಾರೆ ಎಂದು ನಮ್ಮ ಯಜಮಾನರು ಕೇಳಿದರು. ಸುಮ್ಮನಿರಿ, ವಿಡಿಯೋ ಆಗ್ತಿದೆ ಎಂದು ಬಾಯಿ ಮುಚ್ಚಿಸಿದೆ.

ರೇಣುಕಪ್ರಸಾದ್ ಇಷ್ಟು ಹೊತ್ತು ಕಂಬಕ್ಕೆ ಒರಗಿ ಗಡ್ಡ ನೀವಿಕೊಳ್ಳುತ್ತ ನಿಂತಿದ್ದ. ಈಗ ಮುಂದೆ ಬಂದು, ಆ ಕುಂಕುಮ ಹೋದ ವರ್ಷದ್ದೂ ಇರಬಹುದಲ್ಲ ಎಂದ. ಪ್ರತಿ ವರ್ಷ ಪೂಜೆ ಮಾಡ್ತೀವಿ, ಸಂದಿಯಲ್ಲಿ ಉಳಿದಿರುತ್ತೆ ಎಂದ. ಬುದ್ಧಿವಂತ. ಆ ಮಾತು ಬರುತ್ತದೆ ಎಂದು ಕಾದೇ ಇದ್ದೆ. ಕುಂಕುಮ ಅರೆದ ಹೊಳಪಿನ ಮೇಲೆ ಕೂತಿದೆ. ಮೊದಲು ಅರ, ಆಮೇಲೆ ಕುಂಕುಮ. ಅರೆದ ಕಬ್ಬಿಣ ಈ ಮಂಜಿಗೆ ಇನ್ನೂ ತುಕ್ಕು ಹಿಡಿದಿಲ್ಲ. ಇದು ಈ ವರ್ಷದ ಪೂಜೆಯೇ.

ಅವನು ಮಾತು ಬದಲಿಸಿದ. ಈ ಕೋವಿಯ ವಿಷಯ ನನಗೆ ಏನೂ ಗೊತ್ತಿಲ್ಲ, ಜನ್ಮದಲ್ಲಿ ಮುಟ್ಟಿದವನಲ್ಲ ಎಂದ.

ನಾನು ಕೋವಿಯನ್ನು ಅವನ ಕೈಗೆ ಕೊಟ್ಟೆ. ಹಲಗೆಯ ಮೇಲೆ ಇಡಿ ಸ್ವಲ್ಪ, ನನ್ನ ಕೈ ಸೋತಿದೆ ಎಂದೆ. ಅದು ಏರಿಸಿದೆಯೋ ಇಳಿದಿದೆಯೋ ನಾನು ಹೇಳಲಿಲ್ಲ.

ಕೋವಿ ಗೊತ್ತಿಲ್ಲದವನು ಅದನ್ನು ಸೌದೆಯ ಹಾಗೆ ಹಿಡಿಯುತ್ತಾನೆ, ಬೆರಳು ತಾನಾಗಿ ಟ್ರಿಗರಿನ ಸುತ್ತಲ ಬಳೆಯೊಳಗೆ ಹೋಗುತ್ತದೆ. ಇವನು ಎರಡು ಅಂಗೈ ಅಡಿಗೆ ಕೊಟ್ಟು, ಬೆರಳುಗಳನ್ನೆಲ್ಲ ಆ ಬಳೆಯಿಂದ ದೂರ ಚಾಚಿ, ಮೂತಿ ಗೋಡೆಗೆ ತಿರುಗಿಸಿ, ಎಳೆಮಗುವನ್ನು ಮಲಗಿಸಿದ ಹಾಗೆ ಇಳಿಸಿದ. ಇಳಿಸುವಾಗ ಅವನ ಹಣೆಯಲ್ಲಿ ಬೆವರು.

“ಪ್ರಸಾದಪ್ಪ, ಮುಟ್ಟಿದರೆ ಹೋಗುತ್ತೆ ಅಂತ ಗೊತ್ತಿರಬೇಕಾದೋರು ಮುಟ್ಟಿ ನೋಡಿದ ನಾನು, ಲೋಹಿತ್, ಮತ್ತೆ ಅರ ಹಾಕಿದೋನು. ನಿಮಗೆ ಮೊದಲೇ ಗೊತ್ತಿತ್ತು ಅನ್ನೋ ಹಾಗೆ ಇಳಿಸಿದ್ರಲ್ಲ. ಯಾರು ಹೇಳಿದ್ರು?”

ಈಗ ತಾನೆ ನೀವು ಮುಟ್ಟಿದಾಗ ನೋಡಿದೆನಲ್ಲ ಎಂದು ಅವನು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. ಹೆದರಿದವನಿಗೆ ಸುಲಭದ ಉತ್ತರ ಹೊಳೆಯುವುದಿಲ್ಲ. ತುಟಿ ಒದ್ದೆ ಮಾಡಿಕೊಂಡು, ನನ್ನನ್ನು ಬಿಟ್ಟು ಅತ್ತಿಗೆಯ ಕಡೆ ತಿರುಗಿದ.

“ಅತ್ತಿಗೆ, ಇನ್ನು ನನ್ನ ಕೈಲಾಗಲ್ಲ. ನೀವೇ ಹೇಳ್ಬಿಡಿ.”

ಹೊರಗೆ ಕಾಫಿ ಹಣ್ಣು ಉದುರುವುದು ಕೇಳಿಸಿತು. ಚನ್ನಬಸಮ್ಮ ಆ ಒಣಹೂವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಲು ನೋಡುತ್ತಿದ್ದರು. ಆಗಲಿಲ್ಲ. ಆಗ ನಾನು ಅವರ ಬಲಗೈ ನೋಡಿದೆ. ಬೆರಳುಗಳ ಗೆಣ್ಣು ಊದಿ, ತೋರುಬೆರಳು ಅರ್ಧಕ್ಕೆ ನಿಂತುಬಿಟ್ಟಿತ್ತು.

ಅವರು ನಿಧಾನವಾಗಿ ಹೇಳಿದರು. ಕೋವಿ ಆ ಮನೆಯಲ್ಲಿ ಗಂಡಸರದ್ದಲ್ಲ, ಅವರದ್ದು. ಜೀವ ತೆಗೆಯುವ ಮನೆಯಲ್ಲ ಅದು. ಹಿತ್ತಿಲ ಕಿತ್ತಳೆ ಗಿಡಕ್ಕೆ ತಗಡಿನ ಡಬ್ಬ ಕಟ್ಟಿ, ಕೋತಿಗಳು ಬಂದಾಗ ಅಡುಗೆಮನೆಯ ಕಿಟಕಿಯಿಂದ ಡಬ್ಬಕ್ಕೆ ಹೊಡೆಯುತ್ತಿದ್ದರು. ಆ ಸದ್ದಿಗೆ ಕೋತಿ ಓಡುತ್ತಿದ್ದವು. ವಾತ ಹಿಡಿದು ಬೆರಳು ಬಗ್ಗದಾಯಿತು. ಮೊಣಕಾಲಿಗೆ ಕೊಟ್ಟು ನಳಿಗೆ ಬಗ್ಗಿಸುವುದು ಹೇಗೋ ಆಗುತ್ತಿತ್ತು, ಟ್ರಿಗರ್ ಎಳೆಯಲು ಆಗುತ್ತಿರಲಿಲ್ಲ. ಮಾರಿಬಿಡೋಣ ಎಂದರು ಪರಮೇಶಪ್ಪ. ಇವರಿಗೆ ಮನಸ್ಸಿಲ್ಲ. ಗಂಡನಿಗೆ ಗೊತ್ತಾಗದ ಹಾಗೆ ಟ್ರಿಗರ್ ಹಗುರ ಮಾಡಿಸಲು ಕೊಟ್ಟರು. ನವಮಿಯ ದಿನ ಕೋವಿ ವಾಪಸ್ ಬಂತು. ಅದನ್ನು ಮುಟ್ಟಬೇಡ ಎಂದು ಮೈದುನನಿಗೆ ಹೇಳಿದ್ದು ಅವರೇ. ಕುಂಕುಮ ಇಟ್ಟದ್ದು, ದಾರ ಕಟ್ಟಿದ್ದು ಅವರೇ.

ನನ್ನ ಎದೆ ಹಗುರಾಯಿತು. ಯಾವ ಕೇಡೂ ಇಲ್ಲದ, ಮುದಿ ಬೆರಳಿನ ಕಾರಣ. ಇನ್ನು ಅರ ಹಾಕಿದವನು ಬಂದು ಹೌದು ಎಂದರೆ ಲೋಹಿತ್ ಹೊರಗೆ. ಮೊಣ್ಣಪ್ಪನವರ ಫೋನು ಸರಿಯಾಗಿ ಹಿಡಿದಿದೆಯೇ ಎಂದು ನೋಡಿಕೊಂಡು, ಕೇಳಬಾರದ್ದನ್ನು ಕೇಳಿದೆ.

“ಅರ ಹಾಕಿದ್ದು ಯಾರಮ್ಮ?”

ಚನ್ನಬಸಮ್ಮ ನನ್ನನ್ನು ಅಯ್ಯೋ ಎನ್ನುವ ಹಾಗೆ ನೋಡಿದರು.

“ನಿಮ್ಮ ಹುಡುಗನೇ ಕಣವ್ವ. ಲೋಹಿತ. ಹೊಲಿಗೆ ಮಿಷನ್ ರಿಪೇರಿಗೆ ಬಂದಾಗ ಕೊಟ್ಟು ಕಳ್ಸಿದ್ದೆ. ನವಮಿ ಬೆಳಿಗ್ಗೆ ಟವಲ್ಲಲ್ಲಿ ಸುತ್ಕೊಂಡು ಹಿತ್ಲ ಬಾಗ್ಲಲ್ಲಿ ತಂದ. ಆ ಹಲಗೆ ಮೇಲೆ ತಾನೇ ಇಟ್ಟು ಹೋದ.”

ನಾನೇ ಮೆಚ್ಚಿದ ಕೈ. ನಾನೇ ಬಿಡಿಸಿ ಬಿಡಿಸಿ ಹೇಳಿದ ಕೆಂಪು ಗೆರೆ. ಪೂಜೆಯ ಹೊತ್ತಿಗೆ ಕೋವಿ ಏರಿಸಿತ್ತು ಎಂದು ಗಟ್ಟಿ ಮಾಡಿದವಳು ನಾನು. ಪೂಜೆಗೆ ಅದನ್ನು ತಂದಿಟ್ಟವನು ಲೋಹಿತ್. ಟ್ರಿಗರ್ ಹೇಗಿದೆ ಅಂತ ನೋಡಿದೆ ಎಂದು ದೇವರಾಣೆ ಹಾಕಿದವನು, ಆ ಟ್ರಿಗರನ್ನು ತಾನೇ ಅರೆದವನು. ಈ ಮನೆಯ ಹೊಸಿಲು ತುಳಿದದ್ದು ವಿಜಯದಶಮಿಯ ದಿನವೇ ಮೊದಲು ಎಂದು ನನಗೂ ಹೇಳಿದ್ದ, ಹೆಂಡತಿಗೂ ಹೇಳಿದ್ದ. ಇದ್ದ ಸಿಟ್ಟೆಲ್ಲ ಒಮ್ಮೆಗೇ ಆ ಹುಡುಗನ ಮೇಲೆ ತಿರುಗಿತು. ಕಪಾಳಕ್ಕೆ ಬಾರಿಸಲು ಅವನು ಎದುರಿಗಿರಲಿಲ್ಲ.

“ಸಾಕಾ ಮೇಡಂ?” ಮೊಣ್ಣಪ್ಪನವರ ದನಿಯಲ್ಲಿ ಮರುಕವಿತ್ತು. ನಾನು ತಲೆಯಾಡಿಸಿದೆ. ಅವರು ವಿಡಿಯೋ ನಿಲ್ಲಿಸಿ ಫೋನು ಜೇಬಿಗೆ ಹಾಕಿದರು. ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ, ಹೊಸ ಅರಗು ಹಚ್ಚಿಸಲು ಜೀಪಿನ ಕಡೆ ಹೊರಟರು. ರೇಣುಕಪ್ರಸಾದ್ ಅವರ ಹಿಂದೆಯೇ ಹೋದ. ನಮ್ಮ ಯಜಮಾನರು ನನ್ನ ಮುಖ ನೋಡಿ ಹೊರಗೆ ನಡೆದರು.

ಹಾಲಿನಲ್ಲಿ ಉಳಿದದ್ದು ನಾನು, ಆ ಹೆಂಗಸು, ಒಣಗಿದ ಹೂವಿನ ಕೆಳಗೆ ಮಲಗಿದ್ದ ಕತ್ತಿಗಳು.

ಚನ್ನಬಸಮ್ಮ ಬಂದು ನನ್ನ ಮಣಿಕಟ್ಟು ಹಿಡಿದರು. ಆ ಬಗ್ಗದ ಬೆರಳು ಕಬ್ಬಿಣದ ಹಾಗೆ ತಣ್ಣಗಿತ್ತು.

“ಇಡುವಾಗ ಅವನು ಮೂತಿ ಗೋಡೆ ಕಡೆ ಮಾಡಿ ಇಟ್ಟ. ಖಾಲಿ ಇದೆ ಅಮ್ಮ ಅಂತ ನಳಿಗೆ ಬಗ್ಗಿಸಿ ನನಗೆ ತೋರ್ಸಿ, ಗುಂಡಿಲ್ಲದೇ ಟ್ರಿಗರ್ ಒತ್ತಿ ಇಳಿಸಿ ಹೋದ. ನಾನು ಕುಂಕುಮದ ಬಟ್ಲು ತರಕ್ಕೆ ಒಳಗೆ ಹೋದೆ. ಎಣ್ಣೆ ಸಿಗದೆ ತಡ ಆಯ್ತು. ಬಂದು ನೋಡಿದ್ರೆ ಅದು ಬಾಗಿಲ ಕಡೆ ತಿರುಗಿ ಮಲಗಿತ್ತು.”

ಮನೆಯಲ್ಲಿ ಆಗ ಯಾರಿದ್ದರು ಎಂದು ಕೇಳಿದೆ. ಮೈದುನ ಹೂವು ತರಲು ಸಂತೆಗೆ ಹೋಗಿದ್ದ, ಆಳುಗಳು ತಮ್ಮ ಲೈನ್ ಮನೆಗಳಲ್ಲಿದ್ದರು ಎಂದರು.

“ಇದ್ದಿದ್ದು ನಾನು, ನಮ್ಮ ಯಜಮಾನ್ರು. ತಿರುಗಿಸಿದ್ದು ನಾನಲ್ಲ ಕಣವ್ವ.”

ಪರಮೇಶಪ್ಪ. ಕೋವಿ ಏರಿಸಿ, ಗುಂಡು ಹಾಕಿ, ತಿರುಗಿಸಿ ಇಟ್ಟವರು. ಮಾರನೆಯ ದಿನ ಅದೇ ನಳಿಗೆಯ ಎದುರು ಬಾಗಿಲಲ್ಲಿ ನಿಂತವರು. ಅಲ್ಲೇ ಇದೆ, ಎತ್ಕೊಂಡು ನೋಡು ಎಂದು ಕೂಗಿ ಹೇಳಿದವರು. ನಾನು ಆ ಚೊಕ್ಕವಾಗಿ ಒರೆಸಿದ ಜಾಗವನ್ನೇ ನೋಡುತ್ತ ನಿಂತೆ.

ಇದನ್ನು ಆಗಲೇ ಯಾಕೆ ಹೇಳಲಿಲ್ಲ, ನಾಳೆ ಕೋರ್ಟಿನಲ್ಲಿ ಹೇಳಿ, ಆ ಹುಡುಗ ಉಳಿದುಕೊಳ್ಳುತ್ತಾನೆ ಎಂದು ಅಂಗಲಾಚಿದೆ. ನಾನು ಯಾರನ್ನೂ ಹಾಗೆ ಬೇಡಿದವಳಲ್ಲ.

“ಸತ್ತ ಗಂಡನ ಮೇಲೆ ನಾನು ಸಾಕ್ಷಿ ಹೇಳಲ್ಲ. ಇಷ್ಟು ದಿನ ಆ ಜಾಗ ಒರೆಸಿದ್ದೂ ಅವರ ಕೈ ಗುರುತು ಉಳೀಬಾರ್ದು ಅಂತ. ನಾಳೆ ಕೇಳಿದ್ರೆ ನಿಮ್ಮ ಹತ್ರ ಈ ಮಾತು ಆಡೇ ಇಲ್ಲ ಅಂತೀನಿ.”

ಕೈ ಬಿಟ್ಟು ಒಳಗೆ ಹೋದರು. ಅಡುಗೆಮನೆಯಿಂದ ಸೊಪ್ಪು ಹರಿಯುವ ಸದ್ದು ಬರತೊಡಗಿತು.

ನಾನು ಹೊಸಿಲು ದಾಟಿ ಅಂಗಳಕ್ಕೆ ಇಳಿದೆ. ಮಂಜಿನಲ್ಲಿ ಆಮ್ನಿಯ ಬಾಗಿಲು ತೆರೆದ ಸದ್ದಾಯಿತು. ಲೋಹಿತನ ದೊಡ್ಡ ಜರ್ಕಿನ್ ಹೊದ್ದುಕೊಂಡು ಸೌಮ್ಯ ಓಡಿ ಬಂದಳು. ಮೊಣ್ಣಪ್ಪನವರ ಜೀಪು ಆಗಲೇ ಗೇಟು ದಾಟಿತ್ತು. ನಮ್ಮ ಯಜಮಾನರು ಕುಂಕುಮದ ವಿಷಯ ಮಾತ್ರ ಹೇಳಿರಬೇಕು, ಅವಳ ಮುಖ ನಗುತ್ತಿತ್ತು, ಎಷ್ಟೋ ದಿನದ ಮೇಲೆ.

“ಅತ್ತೆ, ಎಲ್ಲಾ ರೆಕಾರ್ಡ್ ಆಯ್ತು ತಾನೆ?”